ಎರಡರ ನಡುವಿನ ಭುಜ

14 ಮಾರ್ಚ್ 2024, ಗುರುವಾರ

ಇಂದು ತಪಾಸಣೆಗೆ ಒಬ್ಬಳು ಈಜುಗಾರ್ತಿ ಬಂದಿದ್ದಳು. ಬಿದ್ದಿಲ್ಲ, ಪೆಟ್ಟಾಗಿಲ್ಲ, ಆದರೂ ತೋಳೆತ್ತಿದಾಗಲೆಲ್ಲ ಬಲಭುಜದ ಕೀಲು ಜಾರಿದಂತಾಗುತ್ತದೆ ಎಂದಳು. ತೋಳನ್ನು ಸಡಿಲ ಬಿಡಲು ಹೇಳಿ ಮೆಲ್ಲನೆ ಕೆಳಕ್ಕೆಳೆದೆ. ಭುಜದ ತುದಿಯ ಎಲುಬಿನ ಕೆಳಗೆ ಚರ್ಮ ಗುಳಿಬಿದ್ದಿತು. ಎಡಭುಜದಲ್ಲೂ ಅಷ್ಟೇ ಗುಳಿ, ಆದರೆ ಅಲ್ಲಿ ತಕರಾರೇ ಇಲ್ಲ. ಕೀಲು ಸಡಿಲವಿದ್ದ ಮಾತ್ರಕ್ಕೆ ಅದು ಅಸ್ಥಿರವಲ್ಲ. ತೊಂದರೆ ಕೊಟ್ಟರಷ್ಟೇ ಅದು ರೋಗ.

ಜೊತೆಗಿದ್ದ ಕಿರಿಯ ವೈದ್ಯ "ಇದು ಆಂಬ್ರಿ ಅಲ್ಲವೇ ಸರ್?" ಎಂದ. ಜಾರುವ ಭುಜಗಳಿಗೆ 1989ರಲ್ಲಿ ವೈದ್ಯರಾದ ಥಾಮಸ್ ಮತ್ತು ಮ್ಯಾಟ್ಸೆನ್ ಹಾಕಿಕೊಟ್ಟ ವಿಂಗಡಣೆ ಅದು, ಇಂಗ್ಲಿಷ್ ಮೊದಲಕ್ಷರಗಳನ್ನು ಜೋಡಿಸಿದ ಎರಡು ಹೆಸರು. ಪೆಟ್ಟುಬಿದ್ದು, ಒಂದೇ ದಿಕ್ಕಿಗೆ ತಪ್ಪಿ, ಕೀಲಿನ ಗೂಡಿನಂಚಿನ ಮೆತ್ತನೆಯ ಬಳೆ (ಲೇಬ್ರಮ್) ಕಿತ್ತುಬಂದ ಭುಜ ಟಬ್ಸ್, ಅದಕ್ಕೆ ಶಸ್ತ್ರಚಿಕಿತ್ಸೆ. ಪೆಟ್ಟಿಲ್ಲದೆ ಹಲವು ದಿಕ್ಕಿಗೆ, ಸಾಮಾನ್ಯವಾಗಿ ಎರಡೂ ಕಡೆ ಸಡಿಲವಾದದ್ದು ಆಂಬ್ರಿ. ಅದಕ್ಕೆ ಮೊದಲು ವ್ಯಾಯಾಮ. ಪರೀಕ್ಷೆಗೆ ಬಾಯಿಪಾಠ ಮಾಡಲು ಸೊಗಸಾಗಿದೆ. ವರ್ಷಗಟ್ಟಲೆ ಚೆಂಡೆಸೆದು ಕೀಲನ್ನು ಸುತ್ತುವರಿದ ಚೀಲ (ಕ್ಯಾಪ್ಸೂಲ್) ಹಿಗ್ಗಿಸಿಕೊಂಡವನು ಎಲ್ಲಿಗೆ ಸೇರುತ್ತಾನೆ ಎಂದು ಕೇಳಿದರೆ ಮಾತ್ರ ಉತ್ತರವಿಲ್ಲ.

ನನಗೆ ಸ್ಟಾನ್‌ಮೋರ್ ತ್ರಿಕೋನ ಎಂಬ ಇನ್ನೊಂದು ವಿಂಗಡಣೆಯೇ ಹಿಡಿಸುತ್ತದೆ. ಮೂರು ಮೂಲೆಗಳು: ಪೆಟ್ಟಿನಿಂದಾದ ರಚನಾದೋಷ, ಪೆಟ್ಟಿಲ್ಲದ ರಚನಾದೋಷ, ಸ್ನಾಯುಗಳ ತಪ್ಪು ಹೊಂದಾಣಿಕೆ. ರೋಗಿ ಮೂಲೆಯಲ್ಲೇ ಇರಬೇಕಿಲ್ಲ, ಬದಿಗಳ ಮೇಲೂ ನಿಲ್ಲಬಹುದು. ಕಾಲ ಸರಿದಂತೆ ಜಾಗ ಬದಲಿಸಲೂಬಹುದು. ಪೆಟ್ಟುಬಿದ್ದವನೇ ನೋವಿಗೆ ಹೆದರಿ ತೋಳನ್ನು ವಕ್ರವಾಗಿ ಎತ್ತುವುದನ್ನು ರೂಢಿಸಿಕೊಂಡರೆ ಮೂರನೆಯ ಮೂಲೆಯತ್ತ ವಾಲುತ್ತಾನೆ. ಆಗ ಬರೀ ಹೊಲಿಗೆ ಹಾಕಿ ಪ್ರಯೋಜನವಿಲ್ಲ.

ಆಕೆಯ ಹಿಂದೆ ನಿಂತು ತೋಳೆತ್ತಿಸಿದೆವು. ಬಲಗಡೆ ಬೆನ್ನಿನ ಅಗಲ ಸ್ನಾಯು ಹೊತ್ತಿಗೆ ಮುಂಚೆಯೇ ಬಿಗಿಯುತ್ತಿತ್ತು, ಹೆಗಲ ಹಲಗೆ ಹಿಂದುಳಿಯುತ್ತಿತ್ತು. ನಾನು ಹಲಗೆಯನ್ನು ಕೈಯಿಂದ ಆನಿಸಿ ಹಿಡಿದು ಮತ್ತೆ ಎತ್ತಿಸಿದಾಗ ಕೀಲು ಜಾರಲಿಲ್ಲ. ಇದು ಎಂ.ಆರ್.ಐ. ಚಿತ್ರದಲ್ಲಿ ಸಿಗುವ ಸಂಗತಿಯಲ್ಲ.

ಮೂಳೆವೈದ್ಯ ಕುನ್ ಅವರ ಫೆಡ್ಸ್ ಎಂಬ ವಿಂಗಡಣೆಯ ಪದ್ಧತಿಯೂ ಇದೆ, ಭುಜ ತಪ್ಪಿದ್ದು ಎಷ್ಟು ಸಲ, ಯಾವ ಕಾರಣಕ್ಕೆ, ಯಾವ ದಿಕ್ಕಿಗೆ, ಎಷ್ಟರಮಟ್ಟಿಗೆ. ದಾಖಲೆಗೆ ಅಚ್ಚುಕಟ್ಟು. ಅದರಲ್ಲಿ ದಿಕ್ಕಿನ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಬಹುಪಾಲು ಭುಜಗಳು ಮುಂದಕ್ಕೇ ತಪ್ಪುತ್ತವೆ, ನಿಜ. ಆದರೆ ಅಪಸ್ಮಾರದ ಸೆಳೆತದಲ್ಲಿ ಹಿಂದಕ್ಕೆ ತಪ್ಪಿದ್ದು ಮುಂಬದಿಯ ಎಕ್ಸ್‌ರೇಯೊಂದನ್ನೇ ನೋಡಿದರೆ ಕಣ್ತಪ್ಪಿಹೋಗುತ್ತದೆ. ಕಂಕುಳ ಕಡೆಯಿಂದಲೂ ಚಿತ್ರ ತೆಗೆಸಲೇಬೇಕು.

ಆಕೆಯ ಕಡತದಲ್ಲಿ ತ್ರಿಕೋನದ ಮೂಲೆಗಳ ಲೆಕ್ಕದಲ್ಲಿ "ಎರಡು ಮತ್ತು ಮೂರರ ನಡುವೆ, ಮೂರರತ್ತ" ಎಂದು ಬರೆದೆ. ಕಿರಿಯ ವೈದ್ಯನಿಗೆ ಅಷ್ಟು ಸಮಾಧಾನವಾದಂತಿಲ್ಲ. ಆಕೆಗೆ ಸದ್ಯಕ್ಕೆ ಹೆಗಲ ಹಲಗೆಯ ಹಿಡಿತ ಕಲಿಸುವ ವ್ಯಾಯಾಮ. ಶಸ್ತ್ರಚಿಕಿತ್ಸೆಯ ಮಾತು ಈಗ ಬೇಡ.