ಗ್ರಾಫ್‌ನಲ್ಲಿ ಪೀಕ್ ಕಂಡರೆ ಮೊದಲು ಅದು ಯಾರದ್ದು ಅಂತ ಕೇಳಿ

ಕಾರಿಗೆ ಹಾಕುವ ಸೆನ್ಸರ್‌ಗಳ ವಿನ್ಯಾಸ ನನ್ನ ಕೆಲಸ. ಟೀಮ್‌ಗೆ ಹೊಸದಾಗಿ ಸೇರಿದವರು ಸಾಮಾನ್ಯವಾಗಿ ಕೇಳುವುದು ಇದನ್ನೇ: "ಸರ್, ಕಾರು ಎಷ್ಟು ಹರ್ಟ್ಜ್‌ನಲ್ಲಿ, ಅಂದ್ರೆ ಸೆಕೆಂಡಿಗೆ ಎಷ್ಟು ಸಲ ನಡುಗುತ್ತೆ?"

ಒಂದೇ ಸಂಖ್ಯೆ ಹೇಳೋಕಾಗಲ್ಲ. ಸ್ಪ್ರಿಂಗ್ ಮೇಲೆ ಕೂತ ಬಾಡಿ 1ರಿಂದ 2 ಹರ್ಟ್ಜ್‌ನಲ್ಲಿ ತೂಗುತ್ತದೆ. ಗುಂಡಿಗೆ ಇಳಿದೆದ್ದ ಚಕ್ರ ಕುಣಿಯುವುದು 10ರಿಂದ 15ರ ಆಸುಪಾಸು. ಎಂಜಿನ್ ಲೆಕ್ಕ ಬೇರೆ. ನಾಲ್ಕು ಸಿಲಿಂಡರ್ ಇದ್ದರೆ ಎಂಜಿನ್‌ನ ಮುಖ್ಯ ದಂಡ, ಅಂದರೆ ಕ್ರ್ಯಾಂಕ್, ಒಂದು ಸುತ್ತು ಹಾಕುವಷ್ಟರಲ್ಲಿ ಎರಡು ಸಲ ಫೈರಿಂಗ್ ಆಗುತ್ತದೆ, ಇಂಧನ ಉರಿಯುತ್ತದೆ. ಗಾಡಿ ನಿಂತು ಎಂಜಿನ್ ಮಾತ್ರ ಓಡುವ ಐಡ್ಲಿಂಗ್‌ನಲ್ಲಿ, 800 ಆರ್‌ಪಿಎಂ (ನಿಮಿಷಕ್ಕೆ 800 ಸುತ್ತು) ಇದ್ದರೆ, ಅದು ಸುಮಾರು 27 ಹರ್ಟ್ಜ್. ಮೂರು ಸಿಲಿಂಡರ್ ಆದರೆ 20. ಗಾಡಿ ಹತ್ತುವ ಮೊದಲೇ ಇಷ್ಟನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ ಅಂತ ನಾನು ಪಟ್ಟು ಹಿಡಿಯುತ್ತೇನೆ.

ಆಮೇಲೆ ಕಾರಿನಲ್ಲಿ ಸೆನ್ಸರ್ ಇಟ್ಟು ಅಳೆದು, ಯಾವ ಹರ್ಟ್ಜ್‌ನಲ್ಲಿ ಎಷ್ಟು ನಡುಕ ಇದೆ ಅಂತ ತೋರಿಸುವ ಗ್ರಾಫ್ ತೆಗೆಯುತ್ತೇವೆ. ಅದರಲ್ಲಿ ಕಾಣುವ ಪ್ರತಿ ಪೀಕ್‌ಗೂ, ಅಂದರೆ ಎದ್ದು ಕಾಣುವ ಪ್ರತಿ ಶಿಖರಕ್ಕೂ, ವಾರಸುದಾರರನ್ನು ಹುಡುಕಬೇಕು. ಐಡ್ಲಿಂಗ್ ಡೇಟಾಗೆ ಟ್ರಾಫಿಕ್ ಜಾಮ್‌ಗೆ ಹೆಸರಾದ ಬೆಂಗಳೂರಿನ ಸಿಲ್ಕ್ ಬೋರ್ಡ್ ಸಿಗ್ನಲ್‌ಗಿಂತ ಒಳ್ಳೆ ಜಾಗ ಬೇಕಾ? ಅಲ್ಲಿ ನಿಂತಾಗ ಎಸಿ ಹಾಕಿ ನೋಡಿ. ಐಡ್ಲಿಂಗ್ 900ಕ್ಕೆ ಏರಿದರೆ 27ರಲ್ಲಿದ್ದ ಪೀಕ್ 30ಕ್ಕೆ ಸರಿಯುತ್ತದೆ. ಅದು ಎಂಜಿನ್‌ದು, ಅನುಮಾನವೇ ಬೇಡ. ಗಾಡಿಯ ವೇಗದ ಜೊತೆ ಸರಿದರೆ ಚಕ್ರದ್ದು. ಟಯರ್ ಸುತ್ತಳತೆ 1.9 ಮೀಟರ್ ಇದ್ದರೆ, 60 ಕಿಲೋಮೀಟರ್ ವೇಗದಲ್ಲಿ ಚಕ್ರ ಸೆಕೆಂಡಿಗೆ ಹತ್ತಿರ ಹತ್ತಿರ 9 ಸುತ್ತು ಹಾಕುತ್ತದೆ.

ಏನು ಮಾಡಿದರೂ ಸರಿಯದ ಪೀಕ್ ಇರುತ್ತಲ್ಲ, ಅಲ್ಲಿ ಜಾಸ್ತಿ ಹುಷಾರಾಗಿರಬೇಕು. ಒಂದು ಕಾರಿನಲ್ಲಿ ನಮಗೆ 180 ಹರ್ಟ್ಜ್ ಹತ್ತಿರ ಅಂಥದ್ದೊಂದು ಸಿಕ್ಕಿತು. ಎಂಜಿನ್ ಆಫ್ ಮಾಡಿ, ಸೆನ್ಸರ್ ಕೂರಿಸಿದ್ದ ತೆಳು ತಗಡಿನ ಬ್ರಾಕೆಟ್‌ಗೆ ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿದೆವು. ಮತ್ತೆ ಅದೇ 180. ನಮ್ಮ ಟೆಕ್ನಿಷಿಯನ್ ಅದನ್ನು ಹೆಬ್ಬೆರಳಿನಲ್ಲಿ ಒತ್ತಿ ಹಿಡಿದು, "ಈಗ ತಟ್ಟಿ ಸರ್" ಅಂದರು. ಪೀಕ್ ಕುಗ್ಗಿಹೋಯಿತು. ಬ್ರಾಕೆಟ್ ತನ್ನ ಪಾಡಿಗೆ ತಾನು ಮಿಡಿಯುತ್ತಿತ್ತು.

ಹಾಗಂತ ಅದನ್ನು ಸುಮ್ನೆ ಅಳಿಸಿಹಾಕುವಂತಿಲ್ಲ. ಬ್ರಾಕೆಟ್ ಬರೀ ಪರೀಕ್ಷೆಗೆ ಹಾಕಿದ್ದಾದರೆ ಅದನ್ನು ತೆಗೆದು, ಸೆನ್ಸರನ್ನು ದಪ್ಪ ಲೋಹಕ್ಕೆ ಸ್ಕ್ರೂ ಹಾಕಿ ಕೂರಿಸಿ ಮತ್ತೆ ಅಳೆಯಬೇಕು. ಮುಂದೆ ಮಾರಾಟಕ್ಕೆ ಹೋಗುವ ಕಾರಿನಲ್ಲೂ ಸೆನ್ಸರ್ ಅದೇ ಬ್ರಾಕೆಟ್ ಮೇಲೆ ಕೂರುವುದಾದರೆ, ಆ 180 ನಮ್ಮ ವಿನ್ಯಾಸ ತಡೆದುಕೊಳ್ಳಲೇಬೇಕಾದ ನಡುಕ.

ಸ್ಯಾಂಪ್ಲಿಂಗ್ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಸೆಕೆಂಡಿಗೆ 200 ಸ್ಯಾಂಪಲ್ ತೆಗೆದುಕೊಂಡರೆ, ಅಂದರೆ 200 ಸಲ ಅಳೆದರೆ, ಇದೇ 180 ಹರ್ಟ್ಜ್ ಗ್ರಾಫ್‌ನಲ್ಲಿ 200ರಲ್ಲಿ 180 ಕಳೆದು ಉಳಿದ 20 ಆಗಿ ಕಾಣಿಸುತ್ತದೆ. ಮೂರು ಸಿಲಿಂಡರ್ ಎಂಜಿನ್‌ನ ಐಡ್ಲಿಂಗ್ ಕೂಡ ಅಲ್ಲೇ ಇದೆ, ಅಲ್ವಾ? ಒಂದು ಸಲ ಹಾಗೆ ಬೆರೆತ ಮೇಲೆ ಯಾವ ಸಾಫ್ಟ್‌ವೇರ್ ಫಿಲ್ಟರ್ ಹಾಕಿದರೂ ಅವೆರಡನ್ನೂ ಬೇರ್ಪಡಿಸೋಕಾಗಲ್ಲ. ಅದಕ್ಕೇ ಎಡಿಸಿಗೆ (ಸೆನ್ಸರ್ ಸಿಗ್ನಲನ್ನು ಸಂಖ್ಯೆಗಳಾಗಿ ಬದಲಿಸುವ ಭಾಗ) ಮೊದಲೇ, ಇಂಥ ಹೆಚ್ಚು ಹರ್ಟ್ಜ್‌ನ ನಡುಕವನ್ನು ತಡೆಯುವ ಅನಲಾಗ್ ಫಿಲ್ಟರ್ ಇರಬೇಕು. ಬೋರ್ಡ್‌ನಲ್ಲಿ ಜಾಗ ಸಾಲಲ್ಲ ಅಂತ ಯಾರಾದರೂ ಅದನ್ನು ಕಿತ್ತುಹಾಕಲು ಹೊರಟರೆ, ರಿವ್ಯೂನಲ್ಲಿ ನಾನು ಒಪ್ಪಿಗೆ ಕೊಡುವುದಿಲ್ಲ.