ರನ್ನಿಂಗ್ ಬೋರ್ಡಿನ 73 ಚುಕ್ಕೆಗಳು

ನಮ್ಮ ಮನೆಯ ಹಳೇ ಮಾರುತಿ 800ರ ರನ್ನಿಂಗ್ ಬೋರ್ಡಿಗೆ, ಅಂದರೆ ಬಾಗಿಲ ಕೆಳಗಿನ ಉದ್ದನೆಯ ತಗಡಿನ ಭಾಗಕ್ಕೆ, ಸ್ಕ್ರೂಡ್ರೈವರ್ ಒತ್ತಿದರೆ ಹಪ್ಪಳ ಮುರಿದ ಹಾಗೆ ಒಳಗೆ ಹೋಗುತ್ತಿತ್ತು. ತೀರ್ಥಹಳ್ಳಿ ಕಡೆಯ ಮಳೆಯಲ್ಲಿ ಅಪ್ಪನ ಕಾಲದಿಂದ ಓಡಿದ ಗಾಡಿ. ತೋಟದ ದಾರಿಯ ಕೆಸರು ಅಡಿಗೆ ಮೆತ್ತಿಕೊಂಡರೆ ದೀಪಾವಳಿ ಕಳೆದರೂ ಒಣಗುವುದಿಲ್ಲ, ಇನ್ನೇನಾಗಬೇಕು? ಕೆಲವು ವರ್ಷದ ಹಿಂದೆ ಒಂದು ಕಡೆ ಟಿಂಕರಿಂಗ್ ಮಾಡಿಸಿದ್ದೆವು. ಅವರು ತುಕ್ಕಿನ ಮೇಲೇ ಹೊಸ ತಗಡು ಇಟ್ಟು, ಗ್ಯಾಸ್ ವೆಲ್ಡಿಂಗ್ ಹೊಡೆದು, ಪುಟ್ಟಿ ಬಳಿದು ಕಳಿಸಿದ್ದರು. ಎರಡು ತಗಡಿನ ನಡುವೆ ನೀರು ನಿಂತು ಒಳಗೊಳಗೇ ತಿಂದುಹಾಕಿತ್ತು. ಈ ಸಲ ನಾನೇ ಬಿಚ್ಚೋಣ ಅಂತ ಕೊಟ್ಟಿಗೆ ಪಕ್ಕದ ಶೆಡ್ಡಿನಲ್ಲಿ ಕೂತೆ.

ಬಾಡಿಯ ತಗಡುಗಳನ್ನು ಫ್ಯಾಕ್ಟರಿಯಲ್ಲಿ ಸ್ಪಾಟ್ ವೆಲ್ಡ್ ಮಾಡಿರುತ್ತಾರೆ. ಎರಡು ತಾಮ್ರದ ಮೊನೆಗಳ ನಡುವೆ ತಗಡುಗಳನ್ನು ಅದುಮಿ ಹಿಡಿದು ಜೋರು ಕರೆಂಟ್ ಹರಿಸಿದರೆ, ಅವು ಸೇರುವ ಜಾಗದಲ್ಲೇ ಲೋಹ ಕರಗಿ ಗುಂಡಿ ಥರ ಅಂಟಿಕೊಳ್ಳುತ್ತದೆ. ರಾಡ್ ಬೇಡ, ವೈರ್ ಬೇಡ. ಹೊರಗಿನಿಂದ ಐದಾರು ಮಿಲಿಮೀಟರ್ ಅಗಲದ ಸಣ್ಣ ತಗ್ಗು ಮಾತ್ರ ಕಾಣುತ್ತದೆ, ಅದನ್ನೇ ನಾನು ಚುಕ್ಕೆ ಅನ್ನುವುದು. ಬಿಚ್ಚುವಾಗ ಮೇಲಿನ ತಗಡು ಹೇಗಿದ್ದರೂ ಗುಜರಿಗೆ. ಆದರೆ ಅದರ ಹಿಂದಿನ ತಗಡಿಗೇ ನಾಳೆ ಹೊಸದನ್ನು ಬೆಸೆಯಬೇಕು, ಅದಕ್ಕೆ ತೂತು ಬೀಳಬಾರದು. ಕಷ್ಟವೆಲ್ಲ ಇಲ್ಲೇ ಇರುವುದು.

ಮೊದಲು ಚುಕ್ಕೆ ಹುಡುಕಬೇಕು. ನಾನು ಗ್ರೈಂಡರಿಗೆ ವೈರ್ ಬ್ರಷ್ ಹಾಕಿ ಎಲ್ಲಾ ಉಜ್ಜಿಬಿಟ್ಟೆ. ಪೇಂಟ್ ಹೋಯಿತು, ಜೊತೆಗೆ ತಗ್ಗುಗಳೂ ಕಾಣದ ಹಾಗೆ ಎಲ್ಲಾ ಒಂದೇ ಥರ ಫಳಫಳ ಅನ್ನತೊಡಗಿತು. ಆಮೇಲೆ ಬುದ್ಧಿ ಬಂತು. ಮರದ ತುಂಡಿಗೆ 80 ನಂಬರ್ ಸ್ಯಾಂಡ್ ಪೇಪರ್ ಸುತ್ತಿ ಮೆಲ್ಲಗೆ ಉಜ್ಜಿದರೆ ಸುತ್ತಲಿನ ಪೇಂಟ್ ಹೋಗುತ್ತದೆ, ತಗ್ಗಿನೊಳಗಿನ ಪೇಂಟ್ ಉಳಿಯುತ್ತದೆ, ಚುಕ್ಕೆ ತಾನಾಗಿ ಎದ್ದು ಕಾಣುತ್ತದೆ. ಎಡಗಡೆ ಒಂದಕ್ಕೇ 73 ಸಿಕ್ಕವು. ಪ್ರತಿಯೊಂದರ ನಡುವೆ ಸೆಂಟರ್ ಪಂಚಿನಿಂದ ಒಂದು ಏಟು. ಇದನ್ನು ತಪ್ಪಿಸಬೇಡಿ, ಇಲ್ಲದಿದ್ದರೆ ಬಿಟ್ ಜಾರಿ ತಗಡಿನ ಮೇಲೆಲ್ಲಾ ರಂಗೋಲಿ ಹಾಕುತ್ತದೆ.

ಈಗ ಬಿಟ್ ವಿಷಯ. ಮಾಮೂಲಿ 8 ಎಂಎಂ ಡ್ರಿಲ್ ಬಿಟ್ ಯಾಕೆ ಆಗುವುದಿಲ್ಲ ಅಂದರೆ, ಅದರ ತುದಿ 118 ಡಿಗ್ರಿಯ ಕೋನು. ಪೂರ್ತಿ 8 ಎಂಎಂ ಅಗಲ ಬರುವಷ್ಟರಲ್ಲಿ ಮೊನೆ ಹತ್ತಿರ ಹತ್ತಿರ 2.4 ಎಂಎಂ ಒಳಗೆ ಹೋಗಿರುತ್ತದೆ. ನಮ್ಮ ತಗಡು ಒಂದೊಂದು ಸುಮಾರು 0.8 ಎಂಎಂ, ಎರಡು ಸೇರಿ 1.6. ಮೇಲಿನದು ಬಿಡುವ ಮೊದಲೇ ಕೆಳಗಿನದೂ ತೂತು! ಈ ಕೆಲಸಕ್ಕೆಂದೇ ಇರುವ ಸ್ಪಾಟ್ ವೆಲ್ಡ್ ಬಿಟ್ಟಿನಲ್ಲಿ ನಡುವೆ ಚಿಕ್ಕ ಮೊನೆ, ಉಳಿದ ಅಂಚು ಹೆಚ್ಚುಕಮ್ಮಿ ಚಪ್ಪಟೆ. ಶಿವಮೊಗ್ಗದಲ್ಲಿ ನಾಲ್ಕು ಹಾರ್ಡ್‌ವೇರ್ ಅಂಗಡಿ ಸುತ್ತಿ ಇದನ್ನು ಕೇಳಿದೆ, ಒಬ್ಬರು ಪ್ರೀತಿಯಿಂದ ವೆಲ್ಡಿಂಗ್ ರಾಡಿನ ಪ್ಯಾಕೆಟ್ ಕೊಟ್ಟರು. ಕೊನೆಗೆ ಆನ್‌ಲೈನಿನಲ್ಲಿ ಕೋಬಾಲ್ಟ್ ಉಕ್ಕಿನ ಸ್ಪಾಟ್ ವೆಲ್ಡ್ ಬಿಟ್ ಒಂದನ್ನೂ, ಹೋಲ್ ಸಾ ಥರದ ಹಲ್ಲಿನ ಕಟರ್ ಒಂದನ್ನೂ ತರಿಸಿದೆ.

ಹಲ್ಲಿನ ಕಟರ್ ನನಗೆ ಹಿಡಿಸಲಿಲ್ಲ. ಚುಕ್ಕೆಯ ಸುತ್ತ ಉಂಗುರ ಕೊರೆಯುತ್ತದೆ, ನಡುವಿನ ಗುಂಡಿ ಕೆಳಗಿನ ತಗಡಿಗೇ ಉಳಿಯುತ್ತದೆ, ಅದನ್ನು ಮತ್ತೆ ಗ್ರೈಂಡ್ ಮಾಡಬೇಕು. ಕೈ ಸ್ವಲ್ಪ ವಾಲಿದರೂ ಹಲ್ಲು ಮುರಿಯುತ್ತದೆ, ಮಲಗಿಕೊಂಡು ಕೆಲಸ ಮಾಡುವಾಗ ಕೈ ವಾಲದೇ ಇರುತ್ತದಾ? ಹನ್ನೊಂದನೇ ಚುಕ್ಕೆಗೆ ಅದರ ಆಯಸ್ಸು ಮುಗಿಯಿತು. ಕೋಬಾಲ್ಟ್ ಬಿಟ್ ಚೆನ್ನಾಗಿ ಬಂತು. ಅದೂ ಮೊಂಡಾದ ಮೇಲೆ ಒಂದು ಸಾದಾ ಬಿಟ್ಟನ್ನೇ ಗ್ರೈಂಡಿಂಗ್ ಕಲ್ಲಿಗೆ ಹಿಡಿದು ತುದಿ ಚಪ್ಪಟೆ ಮಾಡಿ, ನಡುವೆ ಚೂರು ಮೊನೆ ಉಳಿಸಿಕೊಂಡೆ. ಎರಡು ಬಿಟ್ ಹಾಳು ಮಾಡಿದ ಮೇಲೆ ಮೂರನೆಯದು ಸರಿ ಬಂತು.

ಮನೆಯ ಡ್ರಿಲ್ಲಿಂಗ್ ಮೆಷಿನ್ ಫುಲ್ ಸ್ಪೀಡಿಗೆ ಬಿಟ್ಟರೆ ಬಿಟ್ ಕಾದು ಅಂಚು ಹೋಗುತ್ತದೆ. ಟ್ರಿಗರ್ ಅರ್ಧ ಒತ್ತಿ, ಭಾರ ಜಾಸ್ತಿ ಹಾಕಿ, ಒಂದು ಹನಿ ಎಣ್ಣೆ ಬಿಡಿ. ಸುರುಳಿ ಸುರುಳಿಯಾಗಿ ಸಿಪ್ಪೆ ಬರುತ್ತಿದ್ದರೆ ಸರಿ ಇದೆ ಅಂತ, ಬರೀ ಪುಡಿ ಬಂದರೆ ಬಿಟ್ ಮೊಂಡಾಗಿದೆ ಅಂತ. ಕೊರೆಯುತ್ತಾ ಆಗಾಗ ನಿಲ್ಲಿಸಿ ನೋಡಬೇಕು. ಮೇಲಿನ ತಗಡು ತುಂಡಾದಾಗ ತೂತಿನ ಒಳಗೆ ತೆಳ್ಳಗೆ ಒಂದು ಗೆರೆ ಸುತ್ತ ಕಾಣುತ್ತದೆ, ಅಲ್ಲಿಗೆ ಸಾಕು.

ಡ್ರಿಲ್ ಹೋಗದ ಮೂಲೆಗೆ ಗ್ರೈಂಡರ್. ಚುಕ್ಕೆಯ ಮೇಲೆ ಡಿಸ್ಕ್ ಅಂಚು ಮೆಲ್ಲಗೆ ಆಡಿಸಿದರೆ ತಗಡು ತೆಳುವಾಗುತ್ತಾ ನೀಲಿಗೆ ತಿರುಗುತ್ತದೆ, ಆಗ ಕೈ ಇನ್ನೂ ಹಗುರ ಮಾಡಬೇಕು. ಇದರಲ್ಲಿ ಬೇಗ ಆಗುತ್ತದೆ, ಆದರೆ ಒಂದು ಸೆಕೆಂಡ್ ಜಾಸ್ತಿ ಹಿಡಿದರೂ ಕೆಳಗಿನದೂ ಹೋಗುತ್ತದೆ. ಬಾಗಿಲ ಕಂಬದ ಬುಡದಲ್ಲಿ ಮೂರು ಪದರ ಇರುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಎರಡೇ ಅಂದುಕೊಂಡು ಎಬ್ಬಿಸಲು ಹೋಗಿ ನಡುವಿನದನ್ನು ಹರಿದೆ.

ಎಬ್ಬಿಸಲು ನನ್ನ ಹತ್ತಿರ ಇರುವುದು ಊರಿನ ಉಳಿ. ಹಳೇ ಲಾರಿಯ ಲೀಫ್ ಸ್ಪ್ರಿಂಗಿನ ಪಟ್ಟಿ ಕೊಟ್ಟು ಕಮ್ಮಾರರ ಹತ್ತಿರ ತೆಳ್ಳಗೆ ತಟ್ಟಿಸಿದ್ದು, ನಮ್ಮ ಕಡೆ ಕತ್ತಿಗೂ ಅದೇ ಕಬ್ಬಿಣ ಅಲ್ವಾ. ಸಂದಿಗಿಟ್ಟು ಸಣ್ಣ ಏಟು ಕೊಟ್ಟರೆ ಬಿಟ್ಟ ಚುಕ್ಕೆ ಟಿಕ್ ಅನ್ನುತ್ತದೆ. ಬಿಡದಿದ್ದರೆ ಜೋರಾಗಿ ಹೊಡೆಯಬೇಡಿ, ಮತ್ತೆ ಡ್ರಿಲ್ ಹಿಡಿಯಿರಿ.

ಬ್ಯಾಟರಿ ಬಿಚ್ಚಿ, ಕಾರ್ಪೆಟ್ ತೆಗೆದು, ಕನ್ನಡಕ ಹಾಕಿ, ಬಕೆಟ್ ನೀರು ಇಟ್ಟುಕೊಂಡೇ ಶುರು ಮಾಡಿ. ರನ್ನಿಂಗ್ ಬೋರ್ಡ್ ತೆಗೆಯುವ ಮೊದಲು ಬಾಗಿಲ ಜಾಗಕ್ಕೆ ಅಡ್ಡಲಾಗಿ ಕಬ್ಬಿಣದ ಆಂಗಲ್ ಪಟ್ಟಿ ಬೆಸೆದುಕೊಳ್ಳಿ, ಇಲ್ಲದಿದ್ದರೆ ಬಾಡಿ ಕುಸಿದು ಆಮೇಲೆ ಬಾಗಿಲು ಕೂರುವುದಿಲ್ಲ.

ನಾನು ಮಾಡಿದ ದೊಡ್ಡ ತಪ್ಪು ಆಷಾಢದಲ್ಲಿ ಶುರು ಮಾಡಿದ್ದು. ಸಂಜೆ ಬೆಳ್ಳಿ ಥರ ಹೊಳೆಯುತ್ತಿದ್ದ ತಗಡು ಬೆಳಗ್ಗೆ ಅರಿಶಿನ ಕುಂಕುಮ ಹಚ್ಚಿಕೊಂಡು ಕೂತಿತ್ತು. ಆಗುಂಬೆ ಪಕ್ಕದಲ್ಲೇ ಇಟ್ಟುಕೊಂಡು ಬೇರೆ ಏನು ನಿರೀಕ್ಷೆ ಮಾಡಲಿ? ಅವತ್ತಿನಿಂದ ದಿನಕ್ಕೆ ಇಪ್ಪತ್ತೇ ಚುಕ್ಕೆ, ಕತ್ತಲಾಗುವ ಮೊದಲು ಬಿಚ್ಚಿದ ಜಾಗಕ್ಕೆ ಜಿಂಕ್ ಪ್ರೈಮರ್. ಹೊಸ ತಗಡಿಗೆ 8 ಎಂಎಂ ತೂತು ಹಾಕಿ, ವೈರ್ ಕರಗಿಸಿ ಬೆಸೆಯುವ ಮಿಗ್ ವೆಲ್ಡಿಂಗಿನಲ್ಲಿ ತುಂಬುವ ಕೆಲಸಕ್ಕೆ ಗಾಡಿಯನ್ನು ಶಿವಮೊಗ್ಗಕ್ಕೆ ಸಾಗಿಸಬೇಕು. ಬಲಗಡೆ ಇನ್ನೂ ಮುಟ್ಟಿಲ್ಲ. ಅಡಿಕೆ ಕೊಯ್ಲು ಮುಗಿದ ಮೇಲೆ ನೋಡೋಣ.