ಕಣ್ಣೆದುರಿಗೇ ದ್ರಾಕ್ಷಿ ಇತ್ತಲ್ಲ, ಫ್ರಾನ್ಸಿನ ಬಳ್ಳಿ ಯಾಕೆ ಬೇಕಿತ್ತು?

ನಂದಿಬೆಟ್ಟದ ಸುತ್ತಮುತ್ತ ಸ್ವಂತ ದ್ರಾಕ್ಷಿ ಚಪ್ಪರ ಇರುವವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ದೊಡ್ಡಬಳ್ಳಾಪುರ, ದೇವನಹಳ್ಳಿ, ಚಿಕ್ಕಬಳ್ಳಾಪುರದ ಕಡೆ ತಲೆಮಾರುಗಳಿಂದ ದ್ರಾಕ್ಷಿ ಇದೆ. ಗ್ರೋವರ್ ಕುಟುಂಬದವರು ಇಲ್ಲಿಗೇ ಬಂದು ವೈನರಿ ಕಟ್ಟಿದರು, ಸರಿ. ಆದರೆ ಕಣ್ಣೆದುರಿಗಿದ್ದ ಹಣ್ಣು ಬಿಟ್ಟು ಫ್ರಾನ್ಸಿನ ಬಳ್ಳಿ ತಂದದ್ದು ಯಾಕೆ? ನಮ್ಮ ಹಣ್ಣಲ್ಲೇ ನಾವೊಂದು ವೈನರಿ ಹಾಕಿದರೆ ಆಗುವುದಿಲ್ಲವೇ?"

ಹಣ್ಣು ಇದೆ ನಿಜ, ಆದರೆ ಅದು ಬೇರೆ ಕೆಲಸದ ಹಣ್ಣು. ಇಷ್ಟು ಹೇಳಿದರೆ ಯಾರಿಗೂ ಸಮಾಧಾನವಾಗುವುದಿಲ್ಲ, ಹಾಗಾಗಿ ಒಂದು ಹಣ್ಣು ಹಿಸುಕಿ ನೋಡುವುದರಿಂದಲೇ ಶುರುಮಾಡೋಣ.

ಈ ಕಡೆಯ ಚಪ್ಪರಗಳಲ್ಲಿ ಬೆಳೆಯುವ ಬೆಂಗಳೂರು ನೀಲಿ ತಳಿಯ ಒಂದು ಹಣ್ಣನ್ನು ಎರಡು ಬೆರಳ ನಡುವೆ ಒತ್ತಿ. ಸಿಪ್ಪೆ ಬೆರಳಲ್ಲೇ ಉಳಿಯುತ್ತದೆ, ತಿರುಳು ಗೋಲಿಯಂತೆ ಇಡಿಯಾಗಿ ಜಾರಿ ಆಚೆ ಬರುತ್ತದೆ. ಇದು ಅಮೆರಿಕದ ಕಾಡುದ್ರಾಕ್ಷಿ ಲಬ್ರುಸ್ಕಾದ ಗುಣ. ಬೆಂಗಳೂರು ನೀಲಿಯಲ್ಲಿ ಆ ರಕ್ತ ಸೇರಿದೆ. ಹಣ್ಣಿನಂಗಡಿಯ ಬಾಗಿಲಲ್ಲೇ ಮೂಗಿಗೆ ಬಡಿಯುವ ಆ ಗಾಢ ವಾಸನೆಯೂ ಅಲ್ಲಿಂದಲೇ ಬಂದದ್ದು. ಜ್ಯೂಸಿಗೆ, ಜಾಮಿಗೆ, ಕ್ರಿಸ್‌ಮಸ್ ವೇಳೆಗೆ ಮನೆಯಲ್ಲಿ ಮಾಡುವ ಸಿಹಿ ವೈನಿಗೆ ಆ ವಾಸನೆಯೇ ಚಂದ. 2013ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕ ಹಣ್ಣು ಅದು, ಕೀಳಾಗಿ ಕಾಣುವ ಮಾತೇ ಇಲ್ಲ. ಆದರೆ ಊಟದ ಜೊತೆ ಕುಡಿಯುವ, ಸಿಹಿಯಿಲ್ಲದ ಟೇಬಲ್ ವೈನಿನಲ್ಲಿ ಸಕ್ಕರೆಯೆಲ್ಲ ಹುದುಗಿ ಹೋದ ಮೇಲೆ ಆ ವಾಸನೆಯೊಂದೇ ಒಂಟಿಯಾಗಿ ಉಳಿಯುತ್ತದೆ. ಜ್ಯೂಸಿನಲ್ಲಿ ಹಿತವಾಗಿದ್ದದ್ದು ಗ್ಲಾಸಿನಲ್ಲಿ ಮುಖ ಸಿಂಡರಿಸುವಂತೆ ಮಾಡುತ್ತದೆ.

ಎರಡನೆಯದು ಸಕ್ಕರೆಯ ಲೆಕ್ಕ. ರಸದಲ್ಲಿ ಸಿಹಿ ಎಷ್ಟಿದೆ ಎಂಬುದನ್ನು ಬ್ರಿಕ್ಸ್‌ನಲ್ಲಿ ಅಳೆಯುತ್ತಾರೆ: ನೂರು ಗ್ರಾಂ ರಸದಲ್ಲಿ ಒಂದು ಗ್ರಾಂ ಸಕ್ಕರೆ ಎಂದರೆ ಒಂದು ಬ್ರಿಕ್ಸ್. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಹುದುಗಿದರೆ ಒಂದು ಶೇಕಡಾ ಆಲ್ಕೋಹಾಲ್. ಬೆಂಗಳೂರು ನೀಲಿ ಸಾಮಾನ್ಯವಾಗಿ 16ರಿಂದ 18 ಬ್ರಿಕ್ಸ್‌ಗೆ ನಿಲ್ಲುತ್ತದೆ, ಅಂದರೆ ಒಂಬತ್ತು-ಹತ್ತು ಶೇಕಡಾ ಆಲ್ಕೋಹಾಲ್. ಟೇಬಲ್ ವೈನಿಗೆ ತಕ್ಕ ಹನ್ನೆರಡೂವರೆಗೆ ಏರಿಸಬೇಕೆಂದರೆ ನೂರು ಲೀಟರ್ ರಸಕ್ಕೆ ಐದು ಕಿಲೋದಷ್ಟು ಸಕ್ಕರೆ ಸುರಿಯಬೇಕು. ಅದರ ಜೊತೆಗೆ ಹುಳಿಯೂ ಜಾಸ್ತಿ, ಕೆಂಪು ವೈನಿಗೆ ಮೈಕಟ್ಟು ಕೊಡುವ ಒಗರು ಕಡಿಮೆ. ಕ್ಯಾಬರ್ನೆ ಸಾವಿನ್ಯೋ, ಶಿರಾಜ್‌ನಂಥ ಫ್ರೆಂಚ್ ವೈನ್ ತಳಿಗಳು ಇದೇ ಬಿಸಿಲಿನಲ್ಲಿ 23–24 ಬ್ರಿಕ್ಸ್ ತಲುಪುತ್ತವೆ, ಸಕ್ಕರೆ ಚೀಲ ಬಿಚ್ಚುವ ಅಗತ್ಯವೇ ಬೀಳದು.

ಇದನ್ನೆಲ್ಲ ಆ ವೈನರಿ ಕಟ್ಟಿದ ಕನ್ವಲ್ ಗ್ರೋವರ್ ಕೃಷಿಕರಾಗಿ ಕಲಿತವರಲ್ಲ. ಫ್ರಾನ್ಸಿನಿಂದ ಯಂತ್ರೋಪಕರಣ ತರಿಸುವ ವ್ಯಾಪಾರ ಅವರದು, ವೈನಿನ ರುಚಿ ಹತ್ತಿದ್ದು ಅಲ್ಲಿಗೆ ಹೋಗಿಬರುವಾಗ. ಜಾಣತನ ತೋರಿದ್ದು ಒಂದು ವಿಷಯದಲ್ಲಿ: ಮೊದಲು ಕಾರ್ಖಾನೆ ಕಟ್ಟಿ ಆಮೇಲೆ ಹಣ್ಣು ಹುಡುಕಲಿಲ್ಲ. ಫ್ರಾನ್ಸಿನ ಶಾಂಪೇನ್ ಸೀಮೆಯ ಬೂಜಿ ಎಂಬ ಊರಿನ ಜಾರ್ಜ್ ವೆಸೆಲ್ ಎಂಬ ಪರಿಣತರನ್ನು ಕರೆತಂದು, ಎಂಬತ್ತರ ದಶಕದಲ್ಲಿ ದೇಶದ ಬೇರೆಬೇರೆ ಕಡೆಯ ಮಣ್ಣು, ಹವೆ ನೋಡಿಸಿದರು. ಮೂವತ್ತಕ್ಕೂ ಹೆಚ್ಚು ಫ್ರೆಂಚ್ ತಳಿಗಳನ್ನು ನೆಟ್ಟು ನೋಡಿ, ಒಗ್ಗಿದ ಕೆಲವನ್ನು ಮಾತ್ರ ಉಳಿಸಿಕೊಂಡರು. ಕೊನೆಗೆ ನೆಲೆ ನಿಂತದ್ದು ದೊಡ್ಡಬಳ್ಳಾಪುರದ ಬಳಿ, ನಂದಿಯ ಬುಡದಲ್ಲಿ. ಕಂಪನಿ ಹುಟ್ಟಿದ್ದು 1988ರಲ್ಲಿ, ಬಾಟಲಿ ಮಾರುಕಟ್ಟೆಗೆ ಬಂದದ್ದು 1992ರಲ್ಲಿ. ಹುಡುಕಾಟದ ವರ್ಷಗಳನ್ನೂ ಸೇರಿಸಿದರೆ ಮೊದಲ ರೂಪಾಯಿ ಕೈಗೆ ಬರುವ ಹೊತ್ತಿಗೆ ಹತ್ತು ವರ್ಷಕ್ಕೂ ಮೇಲೆ.

ನಂದಿಯ ಬುಡವೇ ಯಾಕೆ? ಸಮುದ್ರಮಟ್ಟದಿಂದ 900 ಮೀಟರ್ ಆಸುಪಾಸಿನ ಎತ್ತರ. ಫೆಬ್ರವರಿಯಲ್ಲಿ ಹಗಲು 30 ಡಿಗ್ರಿ ಇದ್ದರೂ ರಾತ್ರಿ 16–17ಕ್ಕೆ ಇಳಿಯುತ್ತದೆ. ರಾತ್ರಿ ತಂಪಾದರೆ ಹಣ್ಣಿನ ಹುಳಿ ಬೇಗ ಕರಗಿಹೋಗುವುದಿಲ್ಲ, ಸಿಪ್ಪೆಗೆ ಬಣ್ಣ ಚೆನ್ನಾಗಿ ಕೂರುತ್ತದೆ. ನೀರು ನಿಲ್ಲದ ಕೆಂಪು ಜಲ್ಲಿಮಣ್ಣೂ ಒಂದು ಅನುಕೂಲ.

ಆದರೆ ಎತ್ತರದಿಂದಷ್ಟೇ ಕೆಲಸವಾಗುವುದಿಲ್ಲ. ಇಲ್ಲಿನ ನಿಜವಾದ ವಿದ್ಯೆ ಇರುವುದು ಕತ್ತರಿಯಲ್ಲಿ.

ಯುರೋಪಿನಲ್ಲಿ ಚಳಿಗಾಲ ಬಂದು ಬಳ್ಳಿಯನ್ನು ಮಲಗಿಸುತ್ತದೆ, ವಸಂತ ಬಂದು ಎಬ್ಬಿಸುತ್ತದೆ. ನಮ್ಮಲ್ಲಿ ಬಳ್ಳಿಗೆ ನಿದ್ದೆಯೇ ಇಲ್ಲ. ಅದರಷ್ಟಕ್ಕೆ ಬಿಟ್ಟರೆ ಮಳೆಗಾಲದಲ್ಲೂ ಚಿಗುರಿ, ಮಳೆಯಲ್ಲೇ ಹಣ್ಣಾಗಿ, ಗೊಂಚಲಲ್ಲೇ ಕೊಳೆಯುತ್ತದೆ. ಹಾಗಾಗಿ ವರ್ಷಕ್ಕೆ ಎರಡು ಕಟಿಂಗ್, ಬೆಳೆ ಮಾತ್ರ ಒಂದು. ವಿಜಯಪುರದ ಕಡೆ ಇವನ್ನೇ ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ ಅನ್ನುತ್ತಾರೆ. ಕೊಯ್ಲು ಮುಗಿದ ಮೇಲೆ ಏಪ್ರಿಲ್‌ನಲ್ಲಿ ಪ್ರತಿ ಕಡ್ಡಿಯನ್ನೂ ಒಂದು ಕಣ್ಣು (ಚಿಗುರೊಡೆಯುವ ಮೊಗ್ಗು) ಉಳಿಸಿ ಕತ್ತರಿಸುತ್ತಾರೆ. ಆಮೇಲೆ ಬರುವ ಹೊಸ ಕಡ್ಡಿಯ ಕಣ್ಣುಗಳೊಳಗೆ, ನಲವತ್ತರಿಂದ ಅರವತ್ತು ದಿನದ ನಡುವೆ, ಮುಂದಿನ ವರ್ಷದ ಗೊಂಚಲು ತೀರ್ಮಾನವಾಗಿಬಿಡುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಆ ದಿನಗಳಲ್ಲಿ ಮೋಡ ಕವಿದರೆ, ಇಲ್ಲವೇ ಸೊಪ್ಪು ದಟ್ಟವಾಗಿ ಕಣ್ಣಿಗೆ ಬಿಸಿಲು ಬೀಳದಿದ್ದರೆ, ಅಕ್ಟೋಬರಿನಲ್ಲಿ ಬರೀ ಎಲೆ ಮತ್ತು ಸುರುಳಿ ಬರುತ್ತದೆ. ಆಗ ಗೊಬ್ಬರದ ಅಂಗಡಿಯವನನ್ನು ಬೈಯುವವರೇ ಹೆಚ್ಚು. ತಪ್ಪಾಗಿದ್ದು ಮೇ-ಜೂನ್‌ನಲ್ಲಿ.

ಸೆಪ್ಟೆಂಬರ್-ಅಕ್ಟೋಬರಿನ ಕಟಿಂಗ್‌ನಲ್ಲಿ ತಳಿ ನೋಡಿಕೊಂಡು ನಾಲ್ಕರಿಂದ ಎಂಟು ಕಣ್ಣು ಬಿಡುತ್ತಾರೆ. ಚಳಿ ಮಾಡಬೇಕಾದ ಎಬ್ಬಿಸುವ ಕೆಲಸವನ್ನು ಇಲ್ಲಿ ಹೈಡ್ರೋಜನ್ ಸಯನಮೈಡ್ ಮಾಡುತ್ತದೆ. ರೈತರ ಬಾಯಲ್ಲಿ ಅದು ಡಾರ್ಮೆಕ್ಸ್. ಲೀಟರ್ ನೀರಿಗೆ 30–40 ಮಿ.ಲೀ. ಬೆರೆಸಿ, ಕತ್ತರಿಸಿದ ಎರಡು ದಿನದೊಳಗೆ ಬಟ್ಟೆ ಅಥವಾ ಸ್ಪಂಜಿನಿಂದ ಕಣ್ಣಿಗೆ ಸವರಬೇಕು. ಎಲ್ಲ ಕಣ್ಣೂ ಒಂದೇ ವಾರದಲ್ಲಿ ಒಡೆಯಲಿ ಎಂಬುದು ಉದ್ದೇಶ. ಹೆಚ್ಚುಕಡಿಮೆಯಾಗಿ ಒಡೆದರೆ ಒಂದೇ ಬಳ್ಳಿಯಲ್ಲಿ ಒಂದು ಗೊಂಚಲು 24 ಬ್ರಿಕ್ಸ್, ಇನ್ನೊಂದು 19. ಕೊಯ್ಯಲು ಯಾವ ದಿನವೂ ಸರಿಯಾದ ದಿನವಲ್ಲ. ಕೈಗವಸು ಹಾಕದೆ ಇದನ್ನು ಮುಟ್ಟಲೇಬಾರದು, ಹಚ್ಚುವ ಹಿಂದಿನ ದಿನದಿಂದ ಹಿಡಿದು ಹಚ್ಚಿದ ಮೇಲೂ ಕೆಲವು ದಿನ ಮದ್ಯ ಕುಡಿಯಬಾರದು. ಸಯನಮೈಡ್ ಮೈಗೆ ಸೇರಿದ್ದರೆ ಆಲ್ಕೋಹಾಲ್ ಅದರ ವಿಷವನ್ನು ವಿಪರೀತಗೊಳಿಸುತ್ತದೆ. ವೈನ್ ತೋಟದಲ್ಲೇ ಹೀಗೊಂದು ನಿಯಮ ಇರುವುದು ತಮಾಷೆಯಾಗಿ ಕಂಡರೂ ಆಸ್ಪತ್ರೆ ಸೇರಿಸುವ ತಮಾಷೆ ಅದು.

ನಂದಿಯ ಕಡೆ ಈ ಎರಡನೇ ಕಟಿಂಗ್ ಒಂದು ಜೂಜು. ಸೆಪ್ಟೆಂಬರಿನಲ್ಲೇ ಕತ್ತರಿಸಿದರೆ ಎಳೆಚಿಗುರು, ಹೂವು ಎರಡೂ ಮಳೆಗೆ ಸಿಕ್ಕಿ ಡೌನಿ ಎಂಬ ಬೂಜುರೋಗ ಹತ್ತುತ್ತದೆ. ಎಲೆಯ ಮೇಲೆ ಎಣ್ಣೆ ಬಿದ್ದಂಥ ಹಳದಿ ಕಲೆ, ಅಡಿಯಲ್ಲಿ ಬಿಳಿ ಬೂಜು. ಹೂವಿಗೆ ಬಂದರಂತೂ ವಾರದಲ್ಲಿ ಗೊಂಚಲು ಒಣಗಿ ಕಡ್ಡಿಯಾಗುತ್ತದೆ. ನವೆಂಬರಿಗೆ ತಳ್ಳಿದರೆ ಡೌನಿ ಕಾಟ ಕಡಿಮೆ, ಆದರೆ ಹಣ್ಣು ಏಪ್ರಿಲ್ ಬಿಸಿಗೆ ಸಿಕ್ಕಿ ಹುಳಿ ಕಳೆದುಕೊಳ್ಳುತ್ತದೆ, ಮುಂಗಾರುಪೂರ್ವ ಆಲಿಕಲ್ಲಿನ ಭಯ ಬೇರೆ. ಕಟಿಂಗ್‌ನಿಂದ ಕೊಯ್ಲಿಗೆ 130ರಿಂದ 150 ದಿನ ಎಂದು ಹಿಂದಕ್ಕೆ ಎಣಿಸಿ ದಿನ ಗೊತ್ತುಮಾಡುತ್ತಾರೆ.

ಚಪ್ಪರದ ವಿಷಯವೂ ಇದೆ. ಬೆಂಗಳೂರು ನೀಲಿಯನ್ನು ಕಲ್ಲುಕಂಬದ ಮೇಲೆ ತಂತಿ ಹೆಣೆದು ತಲೆಯೆತ್ತರದಲ್ಲಿ ಹಬ್ಬಿಸುತ್ತೇವೆ. ಎಕರೆಗೆ ಹತ್ತು ಟನ್ ದಾಟುವುದು ಮಾಮೂಲು, ನೆರಳಲ್ಲಿ ಕೆಲಸವೂ ಹಾಯಾಗಿರುತ್ತದೆ. ವೈನ್ ದ್ರಾಕ್ಷಿಗೆ ಸಾಲುಗಳು, ಮೇಲ್ಮುಖವಾಗಿ ಕಟ್ಟಿದ ಕಡ್ಡಿಗಳು, ಗೊಂಚಲಿಗೆ ಗಾಳಿ ಆಡಬೇಕು, ಎಕರೆಗೆ ಮೂರರಿಂದ ಐದು ಟನ್ ಸಾಕು. ಬಿಟ್ಟಷ್ಟೂ ಬಿಡಲಿ ಎಂದರೆ ಒಂದೇ ಬಳ್ಳಿಯ ಸಕ್ಕರೆ, ಬಣ್ಣ, ವಾಸನೆ ಹೆಚ್ಚು ಗೊಂಚಲಿಗೆ ಹಂಚಿಹೋಗಿ ವೈನ್ ನೀರುನೀರಾಗುತ್ತದೆ. ಹಸಿರು ಗೊಂಚಲನ್ನು ಕತ್ತರಿಸಿ ನೆಲಕ್ಕೆ ಹಾಕುವುದನ್ನು ನೋಡಿದ ರೈತನಿಗೆ ಹೊಟ್ಟೆ ಉರಿಯುವುದು ಸಹಜ. ಟನ್ ಲೆಕ್ಕದಲ್ಲಿ ಬದುಕಿದವರು ಬ್ರಿಕ್ಸ್ ಲೆಕ್ಕಕ್ಕೆ ಬರುವುದು ಸುಲಭವಲ್ಲ, ಈ ಬದಲಾವಣೆಗೆ ತಕ್ಕ ಬೆಲೆಯನ್ನು ವೈನರಿ ಕೊಡದಿದ್ದರೆ ಅವರು ಬರಬೇಕಾಗಿಯೂ ಇಲ್ಲ.

ಹಣ್ಣು ವೈನರಿಯೊಳಗೆ ಬಂದ ಮೇಲಿನ ಕೆಲಸ ಪುಸ್ತಕದಲ್ಲಿ ಸುಲಭ. ಬೆಳಗಿನ ತಂಪಲ್ಲೇ ಕೊಯ್ದು, 20 ಕಿಲೋದ ಕ್ರೇಟಿನಲ್ಲಿ ತಂದು, ತೊಟ್ಟು ಬೇರ್ಪಡಿಸಿ, ನೂರು ಲೀಟರಿಗೆ ರಸ ಕೆಡದಂತೆ ಎಂಟೊಂಬತ್ತು ಗ್ರಾಂ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ ಹಾಕಿ, ಯೀಸ್ಟ್ ಬೆರೆಸುವುದು. ಕೆಡುವುದು ಬಿಸಿಯಿಂದ. ಒಂದು ಬ್ರಿಕ್ಸ್ ಸಕ್ಕರೆ ಹುದುಗಿದರೆ ರಸ ಸುಮಾರು 1.3 ಡಿಗ್ರಿ ಬಿಸಿಯಾಗುತ್ತದೆ. ಇಪ್ಪತ್ತು ಡಿಗ್ರಿಯಲ್ಲಿ ಶುರುವಾದ 24 ಬ್ರಿಕ್ಸ್ ರಸ, ಬಿಸಿ ಹೊರಹೋಗದಿದ್ದರೆ, ಐವತ್ತು ಮುಟ್ಟಬೇಕು. ಅದಕ್ಕೂ ಎಷ್ಟೋ ಮುಂಚೆ, 35ರ ಹತ್ತಿರವೇ ಯೀಸ್ಟ್ ಕೈಚೆಲ್ಲುತ್ತದೆ. ಅರ್ಧಕ್ಕೆ ನಿಂತ ಸಿಹಿರಸ ಬ್ಯಾಕ್ಟೀರಿಯಾದ ಪಾಲು. ಕೆಂಪಿಗೆ 24–28, ಬಿಳಿಗೆ 14–18 ಡಿಗ್ರಿಯಲ್ಲಿ ಹಿಡಿದಿಡಲು ಟ್ಯಾಂಕಿನ ಸುತ್ತ ತಣ್ಣೀರು ಓಡುತ್ತಿರಬೇಕು. ಫೆಬ್ರವರಿ-ಮಾರ್ಚಿನಲ್ಲಿ ಕರೆಂಟು ಹೋದರೆ ಜನರೇಟರ್ ಒಡನೆ ಏಳಬೇಕು. ಮೇಲೆ ತೇಲುವ ಸಿಪ್ಪೆಯ ಪದರವನ್ನು ದಿನಕ್ಕೆ ಎರಡು ಸಲವಾದರೂ ಒಳಗೆ ಮುಳುಗಿಸಬೇಕು, ಇಲ್ಲವಾದರೆ ಅದು ಗಾಳಿಗೆ ಒಣಗಿ ವಿನೆಗರ್ ವಾಸನೆ ಹಿಡಿಯುತ್ತದೆ.

ಈಗ ಪ್ರಶ್ನೆಯ ಉಳಿದರ್ಧ: ಒಂದು ಮನೆತನ ಇದನ್ನು ನಿಭಾಯಿಸಬಹುದೇ? ಒಂದು ಟನ್ ಹಣ್ಣಿಗೆ ಸುಮಾರು 650 ಲೀಟರ್, ಅಂದರೆ 850ರಷ್ಟು ಬಾಟಲಿ. ವರ್ಷಕ್ಕೆ ಒಂದೇ ಕೊಯ್ಲು, ಆದ್ದರಿಂದ ಹಣ್ಣಿನ ದುಡ್ಡೆಲ್ಲ ಎರಡು ತಿಂಗಳಲ್ಲಿ ಕೈಬಿಡುತ್ತದೆ. ಓಕ್ ಪೀಪಾಯಿಯೊಂದು ಹಿಡಿಯುವುದು 225 ಲೀಟರ್, ವರ್ಷಕ್ಕೆ ಏಳೆಂಟು ಲೀಟರ್ ಆವಿಯಾಗಿಯೇ ಹೋಗುತ್ತದೆ, ಅದನ್ನು ತುಂಬುತ್ತಲೇ ಇರಬೇಕು. ಇಲ್ಲದಿದ್ದರೆ ಒಳಸೇರಿದ ಗಾಳಿ ವೈನನ್ನು ಕೆಡಿಸುತ್ತದೆ. ಮಾರಾಟಕ್ಕೆ ಪ್ರತಿ ರಾಜ್ಯದಲ್ಲೂ ಬೇರೆ ಅಬಕಾರಿ, ಬೇರೆ ಲೇಬಲ್ ನೋಂದಣಿ. ಕರ್ನಾಟಕದಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ಬಂದದ್ದು 2007ರಲ್ಲಿ. ಗ್ರೋವರ್ ಅವರ ಮೊದಲ ಹದಿನೈದು ವರ್ಷದ ವ್ಯಾಪಾರ ಅದಕ್ಕೂ ಮುಂಚಿನದು.

ಹೀಗಾಗಿ ಹಣ ಹೊರಗಿನಿಂದ ಬರಲೇಬೇಕಾಯಿತು. ತೊಂಬತ್ತರ ದಶಕದಲ್ಲಿ ಶಾಂಪೇನಿನ ವೂವ್ ಕ್ಲಿಕೋ ಸಂಸ್ಥೆ ಸಣ್ಣ ಪಾಲು ಕೊಂಡಿತು. ಅದೇ ದಶಕದಲ್ಲಿ ಫ್ರಾನ್ಸಿನ ಬೋರ್ಡೋದ ಹೆಸರಾಂತ ವೈನ್ ಸಲಹೆಗಾರ ಮಿಷೆಲ್ ರೋಲಾನ್ ಬಂದರು, ಕ್ಯಾಬರ್ನೆ ಮತ್ತು ಶಿರಾಜ್ ಬೆರೆಸಿದ ಲಾ ರಿಸರ್ವ್ ಎಂಬ ವೈನ್ ಹೆಸರು ಮಾಡಿತು. ಮಗ ಕಪಿಲ್ ವ್ಯವಹಾರ ನೋಡಿಕೊಂಡರು, ಮೊಮ್ಮಗಳು ಕರಿಶ್ಮಾ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಓದಿ ವೈನ್ ತಯಾರಿಕೆಗೇ ಇಳಿದರು. 2012ರಲ್ಲಿ ನಾಸಿಕದ ಕಡೆಯ ವಾಲೇ ದ ವ್ಯಾಂ ಎಂಬ ವೈನ್ ಕಂಪನಿ ಜೊತೆ ವಿಲೀನವಾಗಿ ಕಂಪನಿ ಗ್ರೋವರ್ ಜಾಂಪಾ ಆಯಿತು. ಕುಟುಂಬದ ಹೆಸರು ಬಾಟಲಿಯ ಮೇಲೆ ಉಳಿದಿದೆ, ಮಾಲೀಕತ್ವ ಮಾತ್ರ ಒಂದು ಮನೆಯದಾಗಿ ಉಳಿಯಲಿಲ್ಲ. ಇದನ್ನು ಸೋಲು ಅನ್ನುವವರಿದ್ದಾರೆ. ಮೂರು ತಲೆಮಾರು ಹಿಡಿದುಕೊಂಡದ್ದೇ ಹೆಚ್ಚು ಎಂಬುದು ನನ್ನ ಅಭಿಪ್ರಾಯ.

ಹಾಗಾದರೆ ಚಪ್ಪರ ಇರುವವರು ಏನು ಮಾಡಬೇಕು? ಬೆಂಗಳೂರು ನೀಲಿಯನ್ನು ಕೀಳಬೇಡಿ. ಆಸೆಯಿದ್ದರೆ ಒಂದೆರಡು ಎಕರೆ ಬೇರೆ ಜಾಗದಲ್ಲಿ ವೈನ್ ದ್ರಾಕ್ಷಿ ಬೆಳೆದು ವೈನರಿಗೆ ಮಾರಿ, ಕಟ್ಟಡದ ಯೋಚನೆ ಆಮೇಲೆ. ಜನವರಿ-ಫೆಬ್ರವರಿಯಲ್ಲಿ ಕಸಿಗೆ ಬುಡವಾಗುವ ಬೇರುಸಸಿ ನೆಡಿ: ಉಪ್ಪುನೀರು, ಬರ ಎರಡನ್ನೂ ತಾಳಬೇಕೆಂದರೆ ಡಾಗ್‌ರಿಡ್ಜ್, ಸೊಪ್ಪು ಅತಿಯಾಗಬಾರದೆಂದರೆ 110 ಆರ್. ಆಗಸ್ಟ್-ಸೆಪ್ಟೆಂಬರಿನಲ್ಲಿ ಅದರ ಮೇಲೆ ವೈನ್ ತಳಿಯ ಕಸಿ. ಲೆಕ್ಕಕ್ಕೆ ಸಿಗುವ ಬೆಳೆ ಮೂರನೇ ವರ್ಷ. ಕಸಿ ಮಾಡುವ ಮುಂಚೆಯೇ ಬರವಣಿಗೆಯಲ್ಲಿ ಕರಾರು ಆಗಲಿ: ಎಷ್ಟು ಬ್ರಿಕ್ಸ್‌ಗೆ ಯಾವ ದರ, ಮಳೆ ಬಿದ್ದು ಬ್ರಿಕ್ಸ್ ಇಳಿದರೆ ಎಷ್ಟು ಕಡಿತ, ಅಳೆಯುವವರು ಯಾರು.

ಜಗಳ ಆಗುವುದು ಈ ಅಳತೆಯಲ್ಲೇ. ತೋಟದವರು ಬಿಸಿಲ ಕಡೆಯ, ಗೊಂಚಲ ಹೆಗಲಿನ ದಪ್ಪ ಹಣ್ಣು ಕಿತ್ತು ಬ್ರಿಕ್ಸ್ ಅಳೆಯುವ ರಿಫ್ರ್ಯಾಕ್ಟೋಮೀಟರಿಗೆ ಒಂದು ಹನಿ ಬಿಟ್ಟು 24 ಅನ್ನುತ್ತಾರೆ, ವೈನರಿಯ ಟ್ಯಾಂಕಿನಲ್ಲಿ 22 ಬರುತ್ತದೆ. ಇಬ್ಬರೂ ಸುಳ್ಳು ಹೇಳಿರುವುದಿಲ್ಲ. ಸಾಲಿನ ಎರಡೂ ಬದಿಯಿಂದ, ಗೊಂಚಲಿನ ಮೇಲೆ, ನಡುವೆ, ತುದಿಯಿಂದ ಒಟ್ಟು ನೂರು ಹಣ್ಣು ಕೀಳಿ, ಅಂಚಿನ ಸಾಲು ಬಿಟ್ಟುಬಿಡಿ, ಒಂದೇ ಚೀಲದಲ್ಲಿ ಹಿಸುಕಿ, ಆ ರಸದ ಒಂದು ಹನಿ ಗಾಜಿನ ಮೇಲೆ ಬಿಡಿ. ಆಗ ಬಂದ ಅಂಕಿ ನೋಡಿ ಲಾರಿ ಕರೆಸಬಹುದು.